ಎಡ ಸ್ತನದ ಕ್ಯಾನ್ಸರ್: ಎರಡು ವಿಕಿರಣ ಪ್ಲಾನ್‌ಗಳನ್ನು ಹೋಲಿಸಿ ನೋಡುವ ಬಗೆ

ತುಮಕೂರಿನ ಕಡೆ ವಿಕಿರಣ ಚಿಕಿತ್ಸೆಗೆ ‘ಕರೆಂಟ್ ಕೊಡಿಸುವುದು’ ಎನ್ನುವ ಮಾತು ಇಂದಿಗೂ ಬಳಕೆಯಲ್ಲಿದೆ. ಗಡ್ಡೆ ತೆಗೆಸಿಕೊಂಡು, ಕರೆಂಟಿಗಾಗಿ ಬೆಂಗಳೂರಿಗೆ ಓಡಾಡುವ ಮನೆಯವರ ಕೈಗೆ ಕೆಲವೊಮ್ಮೆ ಎರಡು ಪ್ಲಾನ್‌ಗಳ, ಅಂದರೆ ಕಿರಣವನ್ನು ಎಲ್ಲಿಗೆ ಎಷ್ಟು ಕೊಡಬೇಕೆಂಬ ಯೋಜನೆಗಳ, ಹಾಳೆಗಳು ಬರುತ್ತವೆ. ಒಂದೇ ಆಸ್ಪತ್ರೆ ಎರಡು ವಿಧಾನಗಳಲ್ಲಿ ಮಾಡಿದವು ಅವಾಗಿರಬಹುದು, ಇಲ್ಲವೇ ಎರಡನೇ ಅಭಿಪ್ರಾಯಕ್ಕೆ ಹೋದಾಗ ಸಿಕ್ಕವಾಗಿರಬಹುದು. ಯಾವ ಪ್ಲಾನ್ ಎಂಬ ನಿರ್ಧಾರ ವೈದ್ಯರದೇ ಆದರೂ, ಹಾಳೆಯನ್ನು ಓದಲು ಬಂದರೆ ಅವರೊಡನೆ ಕುಳಿತು ಸರಿಯಾದ ಪ್ರಶ್ನೆ ಕೇಳಬಹುದು.

ಸಂಖ್ಯೆಗಳನ್ನು ಹೋಲಿಸುವ ಮೊದಲು ಅವು ಹೋಲಿಸತಕ್ಕವೇ ಎಂದು ನೋಡಬೇಕು. ನಮ್ಮ ದೊಡ್ಡಮ್ಮನ ವಿಷಯದಲ್ಲಿ ನಾವು ಎಡವಿದ್ದು ಇಲ್ಲಿಯೇ. ಒಂದು ಹಾಳೆಯಲ್ಲಿ ಶ್ವಾಸಕೋಶದ ಮುಂದೆ (ಗೊತ್ತುಮಾಡಿದ ಒಂದು ಡೋಸ್ ಅಥವಾ ಅದಕ್ಕಿಂತ ಹೆಚ್ಚು ಬೀಳುವ ಭಾಗ) 17% ಎಂದೂ ಇನ್ನೊಂದರಲ್ಲಿ 8% ಎಂದೂ ಇದ್ದುದನ್ನು ಕಂಡು, ಎರಡನೆಯದೇ ವಾಸಿ ಎಂದು ಮನೆಯಲ್ಲಿ ಎಲ್ಲರೂ ತಲೆಯಾಡಿಸಿದ್ದೆವು. ಮೊದಲನೆಯದು ಎಡ ಶ್ವಾಸಕೋಶವೊಂದನ್ನೇ ಲೆಕ್ಕ ಹಿಡಿದಿತ್ತು, ಎರಡನೆಯದು ಎರಡೂ ಶ್ವಾಸಕೋಶಗಳನ್ನು ಕೂಡಿಸಿ ಭಾಗಿಸಿತ್ತು. ಒಂದೇ ಬಗೆಯಲ್ಲಿ ಲೆಕ್ಕ ಹಾಕಿದಾಗ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆಯಾಯಿತು. ಹೃದಯದ ಸಾಲಿಗೂ ಇದೇ ಎಚ್ಚರ ಬೇಕು. ಸಿಟಿ ಚಿತ್ರದ ಮೇಲೆ ಹೃದಯದ ಗೆರೆಯನ್ನು ಒಬ್ಬರು ಎಲ್ಲಿಂದ ಎಲ್ಲಿಯವರೆಗೆ ಎಳೆದರು ಎಂಬುದರ ಮೇಲೆ ಅದರ ಸರಾಸರಿ ಡೋಸ್ ಬದಲಾಗುತ್ತದೆ; ಹೃದಯದ ಮುಂಭಾಗದಲ್ಲಿ ಇಳಿಯುವ ಎಲ್‌ಎಡಿ ರಕ್ತನಾಳಕ್ಕೆ ಗೆರೆಯನ್ನೇ ಎಳೆಯದಿದ್ದರೆ ಆ ಸಾಲು ಹಾಳೆಯಲ್ಲಿ ಇರುವುದೇ ಇಲ್ಲ.

ಒಟ್ಟು ಡೋಸ್ ಮತ್ತು ಸರದಿಗಳ ಸಂಖ್ಯೆಯೂ ಒಂದೇ ಆಗಿರಬೇಕು. ಹಳೆಯ ಕ್ರಮ 25 ದಿನಗಳಲ್ಲಿ 50 ಗ್ರೇ (ಗ್ರೇ ಎಂದರೆ ವಿಕಿರಣದ ಡೋಸ್ ಅಳೆಯುವ ಮಾನ). ಈಗ ಬಹಳ ಕಡೆ ಬಳಕೆಯಲ್ಲಿರುವುದು 15 ದಿನಗಳಲ್ಲಿ 40 ಗ್ರೇ. ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅಧ್ಯಯನದ ಐದು ವರ್ಷಗಳ ಫಲಿತಾಂಶ 2020ರಲ್ಲಿ ಪ್ರಕಟವಾದ ಮೇಲೆ ಆಯ್ದ ರೋಗಿಗಳಿಗೆ 5 ದಿನಗಳಲ್ಲಿ 26 ಗ್ರೇ ಕೊಡುವ ಕ್ರಮವೂ ಬಂದಿದೆ. ದಿನಕ್ಕೆ 2 ಗ್ರೇ ಬೀಳುವುದೂ 5.2 ಗ್ರೇ ಬೀಳುವುದೂ ಅಂಗಾಂಶದ ಮೇಲೆ ಮಾಡುವ ಪರಿಣಾಮ ಬೇರೆಯಾದ್ದರಿಂದ, 25ರ ಕ್ರಮದಲ್ಲಿ ಶ್ವಾಸಕೋಶದ ಎಷ್ಟು ಭಾಗಕ್ಕೆ 20 ಗ್ರೇ ಬಿತ್ತು ಎಂದು ಕೇಳಿದರೆ, 5ರ ಕ್ರಮದಲ್ಲಿ 8 ಗ್ರೇಗೆ ಆ ಪ್ರಶ್ನೆ ಕೇಳುತ್ತಾರೆ; ಅದು 15% ಮೀರಬಾರದೆಂಬುದು ಅಲ್ಲಿನ ಮಿತಿ. ಗಡ್ಡೆಯಿದ್ದ ಜಾಗಕ್ಕೆ ಹೆಚ್ಚುವರಿಯಾಗಿ ಕೊಡುವ ‘ಬೂಸ್ಟ್’ ಒಂದು ಹಾಳೆಯಲ್ಲಿ ಸೇರಿ ಇನ್ನೊಂದರಲ್ಲಿ ಬಿಟ್ಟುಹೋಗಿದ್ದರೂ ಹೋಲಿಕೆ ಕೆಡುತ್ತದೆ.

ತುಮಕೂರಿನಿಂದ ಬೆಂಗಳೂರಿಗೆ ಹೋಗಿ ಬರಲು ಸುಮಾರು 140 ಕಿಲೋಮೀಟರ್ ಎಂದು ಹಿಡಿದರೆ, 25 ಸರದಿಗೆ 3,500, 15ಕ್ಕೆ 2,100, 5ಕ್ಕೆ 700 ಕಿಲೋಮೀಟರ್ ಆಗುತ್ತದೆ. ಬೆಳಗಿನ ರೈಲು ಹಿಡಿಯುವ ಹೆಂಗಸಿಗೆ ಈ ಲೆಕ್ಕ ಸಣ್ಣದಲ್ಲ. ಹೆಚ್ಚು ದಿನ ಕೊಟ್ಟರೆ ಹೆಚ್ಚು ಗುಣ ಎಂಬ ನಂಬಿಕೆಗೆ ಆಧಾರವಿಲ್ಲವಾದರೂ, ಕಂಕುಳಿನ ಗ್ರಂಥಿಗಳಿಗೂ ವಿಕಿರಣ ಬೇಕೇ, ಸ್ತನದ ಮರುನಿರ್ಮಾಣ ಆಗಿದೆಯೇ ಎಂಬುದನ್ನು ನೋಡಿಕೊಂಡೇ ವೈದ್ಯರು ದಿನಗಳನ್ನು ಗೊತ್ತುಮಾಡುತ್ತಾರೆ.

ಇಷ್ಟು ಸರಿಹೊಂದಿದ ಮೇಲೆ ಕೋಷ್ಟಕಕ್ಕೆ ಹೋಗದೆ ಸಿಟಿ ಸ್ಲೈಸ್‌ಗಳನ್ನು ಪರದೆಯ ಮೇಲೆ ತೋರಿಸುವಂತೆ ಕೇಳಿಕೊಳ್ಳಿ. ಡಿವಿಎಚ್ ಎಂಬ ರೇಖಾಚಿತ್ರ ಯಾವ ಅಂಗದ ಎಷ್ಟು ಭಾಗಕ್ಕೆ ಎಷ್ಟು ಡೋಸ್ ಎಂದು ಹೇಳುತ್ತದೆಯೇ ಹೊರತು, ಆ ಭಾಗ ಎಲ್ಲಿದೆ ಎಂದು ಹೇಳುವುದಿಲ್ಲ. ನೋಡಬೇಕಾದ ಮೊದಲ ಜಾಗ ಗಡ್ಡೆ ತೆಗೆದ ಕುಳಿ. ಅಲ್ಲಿ ಶಸ್ತ್ರವೈದ್ಯರು ಬಿಟ್ಟ ಕ್ಲಿಪ್‌ಗಳು ಬಿಳಿಯ ಚುಕ್ಕೆಗಳಾಗಿ ಕಾಣುತ್ತವೆ, ಮತ್ತು 95% ಡೋಸ್ ಗೆರೆ (ಕೊಡಬೇಕೆಂದಿರುವ ಡೋಸ್‌ನ 95% ತಲುಪುವ ಜಾಗದ ಅಂಚು) ಅವುಗಳನ್ನೆಲ್ಲ ಒಳಗೆ ಹಾಕಿಕೊಂಡಿರಬೇಕು. ಹೃದಯಕ್ಕೆ 0.9 ಗ್ರೇ ಮಾತ್ರ ಎಂದು ಮೆಚ್ಚುವಂತಹ ಸಂಖ್ಯೆ ಬಂದಾಗ, ಹೃದಯವನ್ನು ಮರೆಮಾಡಲು ಯಂತ್ರದ ಲೋಹದ ಎಲೆಗಳನ್ನು ಮುಂದೆ ತಂದು ಕುಳಿಯ ಕೆಳಅಂಚನ್ನೂ ಮುಚ್ಚಿಬಿಟ್ಟಿದ್ದಾರೆಯೇ ಎಂದು ನಾನಂತೂ ಮೊದಲು ಅಲ್ಲಿಯೇ ನೋಡುತ್ತೇನೆ. ಎರಡನೆಯದಾಗಿ, ಬಿಸಿ ಚುಕ್ಕೆಗಳು, ಅಂದರೆ ಡೋಸ್ 107% ಮೀರಿದ ಜಾಗಗಳು, ಎಲ್ಲಿವೆ ಎಂಬುದು. ಅವು ಸ್ತನದ ಕೆಳಮಡಿಕೆಯಲ್ಲೋ ಕಂಕುಳ ಬಳಿಯೋ ಇದ್ದರೆ, ಬೆವರಿ ಉಜ್ಜುವ ಆ ಜಾಗದಲ್ಲೇ ಚರ್ಮ ಸುಲಿಯುವ ಸಂಭವ ಹೆಚ್ಚು.

ಎಡ ಸ್ತನದ ಪ್ಲಾನಿನಲ್ಲಿ ಬಹುಪಾಲು ಚರ್ಚೆ ಹೃದಯದ ಸುತ್ತಲೇ ನಡೆಯುತ್ತದೆ. ಸ್ವೀಡನ್ ಮತ್ತು ಡೆನ್ಮಾರ್ಕ್‌ನ ಮಹಿಳೆಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೃದಯದ ಸರಾಸರಿ ಡೋಸ್ ಒಂದು ಗ್ರೇ ಏರಿದರೆ ಗಂಭೀರ ಹೃದಯಾಘಾತದಂತಹ ತೊಂದರೆಗಳ ಪ್ರಮಾಣ 7.4% ಏರುತ್ತದೆ ಎಂದು ಕಂಡುಬಂತು. ಇದು ಮೊದಲೇ ಇರುವ ಅಪಾಯದ ಮೇಲಿನ ಏರಿಕೆ: ನೂರರಲ್ಲಿ 2 ಮಂದಿಗೆ ಬರಬಹುದಾದದ್ದು ಸುಮಾರು 2.15 ಆಗುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಇರುವವರಲ್ಲಿ ಆ 2 ಎಂಬುದೇ ದೊಡ್ಡದಾಗಿರುವುದರಿಂದ, ಅವರಿಗೆ ಪ್ರತಿ ಗ್ರೇಯೂ ಲೆಕ್ಕಕ್ಕೆ ಬರುತ್ತದೆ.

ಉದಾಹರಣೆಗೆ ನಾನೇ ಎರಡು ಪ್ಲಾನ್‌ಗಳನ್ನು ಕಲ್ಪಿಸಿ ಇಡುತ್ತೇನೆ. ಎರಡೂ 40 ಗ್ರೇ, 15 ಸರದಿ. ಮೊದಲನೆಯದು ಆಳವಾಗಿ ಉಸಿರು ಹಿಡಿದಾಗ ಎರಡು ಓರೆ ಕಿರಣಗಳಿಂದ ಕೊಡುವಂಥದು: ಸ್ತನದ 95% ಭಾಗಕ್ಕೆ ಸಾಕಷ್ಟು ಡೋಸ್, ಗರಿಷ್ಠ 107%, ಹೃದಯಕ್ಕೆ 1.2 ಗ್ರೇ, ಬಲ ಸ್ತನಕ್ಕೆ 0.3 ಗ್ರೇ. ಎರಡನೆಯದು ಸಹಜ ಉಸಿರಾಟದಲ್ಲಿ ಯಂತ್ರ ಸುತ್ತುತ್ತ ಕೊಡುವ ವಿಮ್ಯಾಟ್: ಸ್ತನದ 97% ಭಾಗ, ಗರಿಷ್ಠ 104%, ಹೃದಯಕ್ಕೆ 3.8 ಗ್ರೇ, ಬಲ ಸ್ತನಕ್ಕೆ 3 ಗ್ರೇ. ಮೊದಲ ಎರಡು ಸಾಲುಗಳಲ್ಲಿ ವಿಮ್ಯಾಟ್ ಗೆದ್ದಂತೆ ಕಾಣುತ್ತದೆ, ಹೆಸರೂ ಹೊಸದು. ಆದರೂ ನಾನು ಮೊದಲನೆಯದನ್ನೇ ಕೇಳುತ್ತೇನೆ. ಎರಡೂ ಸ್ತನಕ್ಕೆ ಬೇಕಾದಷ್ಟು ಕೊಡುತ್ತಿರುವಾಗ ಆ 2% ಹೆಚ್ಚಳದಿಂದ ಸಿಗುವುದು ಅಲ್ಪ. ಸುತ್ತುವ ಕಿರಣ ಸುತ್ತಲಿನ ಅಂಗಗಳ ಮೇಲೆಲ್ಲ ತೆಳುವಾಗಿ ಹರಡುವ ಡೋಸ್, ಅದರಲ್ಲೂ 40 ವರ್ಷದೊಳಗಿನವರ ಇನ್ನೊಂದು ಸ್ತನಕ್ಕೆ, ಅಲಕ್ಷಿಸುವಂಥದಲ್ಲ. ಎದೆಮೂಳೆಯ ಪಕ್ಕದ ಗ್ರಂಥಿಗಳಿಗೂ ಕೊಡಬೇಕಾದಾಗ ಅಥವಾ ಎದೆಗೂಡಿನ ಆಕಾರ ಒಳಕ್ಕೆ ಬಾಗಿದ್ದಾಗ ಓರೆ ಕಿರಣಗಳು ಸೋಲುತ್ತವೆ. ಆಗ ವಿಮ್ಯಾಟ್‌ಗೆ ತಕ್ಕ ಕಾರಣವಿದೆ.

ಉಸಿರು ಹಿಡಿದಾಗ ಶ್ವಾಸಕೋಶ ಹಿಗ್ಗಿ, ಹೃದಯ ಎದೆಗೋಡೆಯಿಂದ ದೂರ ಸರಿದು ಕೆಳಗಿಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಹೃದಯದ ಡೋಸ್‌ನ ವ್ಯತ್ಯಾಸದಲ್ಲಿ ಹೆಚ್ಚಿನ ಪಾಲು ಇದರದೇ. ಹೀಗಾಗಿ ಮನೆಯಲ್ಲಿ ಅಮ್ಮನನ್ನು ಮಲಗಿಸಿ, ತೋಳು ತಲೆಯ ಮೇಲಿಟ್ಟು, ಗಡಿಯಾರ ನೋಡಿಕೊಂಡು 20 ಸೆಕೆಂಡು ಉಸಿರು ಹಿಡಿಯಲಾಗುತ್ತದೆಯೇ ಎಂದು ನೋಡಿ. ಕೆಮ್ಮೋ ಉಬ್ಬಸವೋ ಇದ್ದು ಆಗದಿದ್ದರೆ ಒತ್ತಾಯ ಬೇಡ. ಅದನ್ನು ವೈದ್ಯರಿಗೆ ತಿಳಿಸಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆ ಪಡೆಯುವವರು, ಪೂರ್ವಾನುಮತಿ ಯಾವ ವಿಧಾನದ ಹೆಸರಿನಲ್ಲಿ ಬಂದಿದೆ ಎಂದು ಆಸ್ಪತ್ರೆಯಲ್ಲಿಯೇ ಕೇಳಿಕೊಳ್ಳಬೇಕು. ಎರಡನೇ ಅಭಿಪ್ರಾಯಕ್ಕೆ ಹೋಗುವುದಾದರೆ ಮುದ್ರಿತ ಹಾಳೆ ಸಾಲದು. ಸಿಟಿ, ಗೆರೆಗಳು, ಡೋಸ್ ಮೂರೂ ಇರುವ ಸಿಡಿ ಕೇಳಿ ಪಡೆಯಿರಿ. ಉಸಿರು ಹಿಡಿದು ಮಾಡುವ ಪ್ಲಾನಿಗೆ ಸಿಟಿಯನ್ನೂ ಉಸಿರು ಹಿಡಿದೇ ತೆಗೆಯಬೇಕಾಗುವುದರಿಂದ, ಆ ಪ್ರಶ್ನೆಯನ್ನು ಎದೆಯ ಮೇಲೆ ಗುರುತಿನ ಚುಕ್ಕೆಗಳನ್ನು ಹಾಕುವ ದಿನಕ್ಕಿಂತ ಮೊದಲೇ ಕೇಳಿರಬೇಕು.