ಸೆವೆಂತ್ ಕಾರ್ಡ್‌ಗೆ ಹೆಸರಿಡುವುದು: ಮೊದಲು ಅಕ್ಷರ, ಆಮೇಲೆ ಸೆಮಿಟೋನ್

ಬೆಂಗಳೂರಿನಲ್ಲಿ ಕೀಬೋರ್ಡ್, ಗಿಟಾರ್ ಕಲಿಯುವವರಿಗೆ ಸೆವೆಂತ್ ಕಾರ್ಡ್, ಅಂದರೆ ಒಂದು ಸ್ವರದ ಮೇಲೆ ಅದರಿಂದ ಮೂರನೆಯ, ಐದನೆಯ, ಏಳನೆಯ ಸ್ವರಗಳನ್ನು (ಥರ್ಡ್, ಫಿಫ್ತ್, ಸೆವೆಂತ್) ಸೇರಿಸಿ ಒಟ್ಟಿಗೆ ನುಡಿಸುವ ಗುಂಪು, ಎರಡು ಕಡೆ ಎದುರಾಗುತ್ತದೆ. ಒಂದು, ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಎಂಬ ಬ್ರಿಟಿಷ್ ಮಂಡಳಿಗಳ ಥಿಯರಿ ಪರೀಕ್ಷೆಯಲ್ಲಿ. ಇನ್ನೊಂದು, ಆರ್ಕೆಸ್ಟ್ರಾದವರು ಹಾಡಿನ ಸಾಲುಗಳ ಮೇಲೆ ಬರೆದಿಟ್ಟುಕೊಳ್ಳುವ ಕಾರ್ಡ್ ಶೀಟಿನಲ್ಲಿ. ಎರಡೂ ಕಡೆ ತಪ್ಪಾಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಸ್ವರ ಕಂಡ ತಕ್ಷಣ ಸೆಮಿಟೋನ್ (ಕೀಬೋರ್ಡಿನಲ್ಲಿ ಅಕ್ಕಪಕ್ಕದ ಎರಡು ಕೀಗಳ ಅಂತರ) ಎಣಿಸಲು ಹೊರಡುತ್ತಾರೆ. ರೂಟ್, ಅಂದರೆ ಕಾರ್ಡ್‌ಗೆ ಹೆಸರು ಕೊಡುವ ಮೂಲ ಸ್ವರ, ಯಾವುದೆಂದು ಗೊತ್ತಾಗುವ ತನಕ ಆ ಎಣಿಕೆಯಿಂದ ಏನೂ ಸಿಗುವುದಿಲ್ಲ. ರೂಟ್ ಸಿಗುವುದು ಅಕ್ಷರಗಳಿಂದ.

ಹಾಗಾಗಿ ಈ ಸಾಲನ್ನು ಬಾಯಿಪಾಠ ಮಾಡಿ: ಎ, ಸಿ, ಇ, ಜಿ, ಬಿ, ಡಿ, ಎಫ್, ಮತ್ತೆ ಎ. ಒಂದು ಬಿಟ್ಟು ಒಂದು, ಅಂದರೆ ಎಲ್ಲವೂ ಥರ್ಡ್ ಅಂತರದಲ್ಲಿ. ಕಾರ್ಡ್‌ನಲ್ಲಿರುವ ಸ್ವರಗಳನ್ನು ಆಕ್ಟೇವ್ ಲೆಕ್ಕಿಸದೆ ಬರೆದುಕೊಳ್ಳಿ, ಎರಡು ಸಲ ಬಂದದ್ದನ್ನು ಒಮ್ಮೆ ಬರೆದರೆ ಸಾಕು. ಶಾರ್ಪ್ (ಸ್ವರವನ್ನು ಒಂದು ಸೆಮಿಟೋನ್ ಏರಿಸುವ ಗುರುತು), ಫ್ಲ್ಯಾಟ್ (ಇಳಿಸುವ ಗುರುತು) ಸದ್ಯಕ್ಕೆ ಪಕ್ಕಕ್ಕಿಡಿ. ನಾಲ್ಕೂ ಅಕ್ಷರ ಈ ಸಾಲಿನಲ್ಲಿ ಬೆನ್ನುಬೆನ್ನಿಗೆ ಬಂದರೆ ಅದು ಸೆವೆಂತ್ ಕಾರ್ಡ್, ಅದರಲ್ಲಿ ಮೊದಲನೆಯದೇ ರೂಟ್. ಮೂರೇ ಸ್ವರ ಇದ್ದು ಮೂರನೆಯ ಜಾಗ ಖಾಲಿ ಉಳಿದರೆ ಫಿಫ್ತ್ ಬಿಟ್ಟಿದ್ದಾರೆ ಎಂದರ್ಥ. ಸಿ, ಇ, ಬಿ ಫ್ಲ್ಯಾಟ್ ಮಾತ್ರ ಇದ್ದರೂ ಅದು ಸಿ ಸೆವೆನ್ನೇ.

ಸ್ಟಾಫ್ (ಸ್ವರ ಬರೆಯುವ ಐದು ಗೆರೆಗಳು) ಮೇಲೆ ಕಾರ್ಡ್ ಒತ್ತಾಗಿ ಬರೆದಿದ್ದರೆ ಅಕ್ಷರ ಬರೆಯುವ ಶ್ರಮವೂ ಬೇಡ. ನಾಲ್ಕೂ ಸ್ವರ ಗೆರೆಗಳ ಮೇಲೇ ಅಥವಾ ನಾಲ್ಕೂ ಗೆರೆಗಳ ನಡುವಿನ ಜಾಗದಲ್ಲೇ ಕೂತಿದ್ದರೆ ಎಲ್ಲಕ್ಕಿಂತ ಕೆಳಗಿನದು ರೂಟ್. ಇನ್ವರ್ಶನ್ ಆಗಿದ್ದರೆ, ಅಂದರೆ ರೂಟ್ ಬಿಟ್ಟು ಬೇರೆ ಸ್ವರ ಎಲ್ಲಕ್ಕಿಂತ ಕೆಳಗಿದ್ದರೆ, ಎಲ್ಲೋ ಒಂದು ಕಡೆ ಎರಡು ಸ್ವರ ಅಂಟಿಕೊಂಡಿರುತ್ತವೆ. ಆ ಜೋಡಿಯಲ್ಲಿ ಮೇಲಿನದು ರೂಟ್, ಕೆಳಗಿನದು ಸೆವೆಂತ್. ಜೋಡಿ ಮೇಲ್ತುದಿಯಲ್ಲಿದ್ದರೆ ಫಸ್ಟ್ ಇನ್ವರ್ಶನ್, ಅಂಕಿ 6-5. ನಡುವೆ ಇದ್ದರೆ ಸೆಕೆಂಡ್, 4-3. ಬುಡದಲ್ಲಿದ್ದರೆ ಥರ್ಡ್, 4-2. ಬೇಸ್ ಸ್ವರವನ್ನು, ಅಂದರೆ ಎಲ್ಲಕ್ಕಿಂತ ಕೆಳಗಿನದನ್ನು, 1 ಎಂದು ಎಣಿಸಿದರೆ 6-5 ಮತ್ತು 4-3 ಆ ಜೋಡಿ ಕೂತಿರುವ ಜಾಗಗಳೇ. 4-2ರಲ್ಲಿ ಬೇಸ್ ಸ್ವರವೇ ಜೋಡಿಯ ಕೆಳಗಿನದು, 2 ಎಂಬುದು ರೂಟ್. ಬ್ರಿಟಿಷ್ ಪದ್ಧತಿಯಲ್ಲಿ ಮೂರು ಇನ್ವರ್ಶನ್‌ಗಳಿಗೆ ಬಿ, ಸಿ, ಡಿ ಎಂಬ ಸಣ್ಣಕ್ಷರ ಹಚ್ಚುತ್ತಾರೆ. ಅವನ್ನು ಸ್ವರದ ಹೆಸರೆಂದು ಓದಿಕೊಳ್ಳಬೇಡಿ.

ಈಗ ಎಣಿಕೆ. ಕಾರ್ಡನ್ನು ರೂಟಿನಿಂದ ಮೇಲಕ್ಕೆ ಪೇರಿಸಿ, ಕೀ ಸಿಗ್ನೇಚರ್‌ನಲ್ಲಿ (ಸ್ಟಾಫಿನ ಆರಂಭದಲ್ಲಿ) ಇರುವ ಮತ್ತು ಅದೇ ಬಾರ್‌ನಲ್ಲಿ ಹಿಂದೆ ಬಂದಿರುವ ಶಾರ್ಪ್, ಫ್ಲ್ಯಾಟ್‌ಗಳನ್ನು ವಾಪಸ್ ಸೇರಿಸಿ, ಅಕ್ಕಪಕ್ಕದ ಸ್ವರಗಳ ನಡುವಿನ ಸೆಮಿಟೋನ್ ಎಣಿಸಿ. ಥರ್ಡ್, ಫಿಫ್ತ್ ಎನ್ನುವಾಗ ಹೊರಟ ಸ್ವರ 1. ಸೆಮಿಟೋನ್ ಎಣಿಸುವಾಗ ಹೊರಟ ಕೀ 0. ಇವೆರಡು ಬೆರೆತರೆ ಮೈನರ್ ಮೇಜರ್ ಆಗಿಬಿಡುತ್ತದೆ.

4-3-4 ಬಂದರೆ ಮೇಜರ್ ಸೆವೆನ್. 4-3-3 ಡಾಮಿನೆಂಟ್ ಸೆವೆನ್, ಅಂದರೆ ಬರೀ '7' ಎಂದು ಬರೆಯುವುದು. 3-4-3 ಮೈನರ್ ಸೆವೆನ್. 3-3-4 ಹಾಫ್ ಡಿಮಿನಿಶ್ಡ್, ಅಡ್ಡಗೀಟು ಹಾಕಿದ ಪುಟ್ಟ ಸೊನ್ನೆ. ಕಾರ್ಡ್ ಶೀಟಿನಲ್ಲಿ ಮೈನರ್ ಸೆವೆನ್ ಫ್ಲ್ಯಾಟ್ ಫೈವ್ ಎಂದಿರುತ್ತದೆ. 3-3-3 ಪೂರ್ತಿ ಡಿಮಿನಿಶ್ಡ್, ಗೀಟಿಲ್ಲದ ಸೊನ್ನೆ. 3-4-4 ಬಂದರೆ ಮೈನರ್ ಮೇಜರ್ ಸೆವೆನ್. ಈ ಹೆಸರು ಗೊಂದಲ ಮಾಡುತ್ತದೆ, ಆದರೆ ನಿಯಮ ಸರಳ: 'ಮೈನರ್' ಎಂಬುದು ಥರ್ಡ್‌ಗೆ ಸೇರಿದ್ದು, 'ಮೇಜರ್' ಎಂಬುದು ಸೆವೆಂತ್‌ಗೆ.

ಒಂದನ್ನು ಪೂರ್ತಿ ಬಿಡಿಸೋಣ. ಬಿ ಫ್ಲ್ಯಾಟ್ ಮೇಜರ್ ಕೀ, ಅಂದರೆ ಬಿ ಮತ್ತು ಇ ಎರಡೂ ಫ್ಲ್ಯಾಟ್. ಕೆಳಗಿನಿಂದ ಸ್ವರಗಳು ಇ, ಜಿ, ಎ, ಸಿ. ಅಂಟಿಕೊಂಡ ಜೋಡಿ ಜಿ-ಎ, ಹಾಗಾಗಿ ರೂಟ್ ಎ. ಪೇರಿಸಿದರೆ ಎ, ಸಿ, ಇ ಫ್ಲ್ಯಾಟ್, ಜಿ. ಎಣಿಕೆ 3-3-4, ಹಾಫ್ ಡಿಮಿನಿಶ್ಡ್. ಜೋಡಿ ನಡುವೆ ಇದೆ, ಹಾಗಾಗಿ 4-3. ಈ ಕೀಯಲ್ಲಿ ಎ ಏಳನೆಯ ಸ್ವರ. ಸಣ್ಣಕ್ಷರದ ರೋಮನ್ 7, ಗೀಟಿನ ಸೊನ್ನೆ, 4-3 ಎಂದು ಬರೆಯಿರಿ. ಕೀ ಸಿಗ್ನೇಚರ್ ಮರೆತು ಇ ನ್ಯಾಚುರಲ್ ಎಂದುಕೊಂಡಿದ್ದರೆ 3-4-3 ಬಂದು ಎ ಮೈನರ್ ಸೆವೆನ್ ಎಂಬ ತಪ್ಪು ಹೆಸರು ಬೀಳುತ್ತಿತ್ತು. ಇದೇ ನಾಲ್ಕು ಸ್ವರಗಳನ್ನು ಸಿ ಬೇಸ್ ಇಟ್ಟು ನುಡಿಸುವಾಗ ಕಾರ್ಡ್ ಶೀಟಿನಲ್ಲಿ ಸಿ ಮೈನರ್ ಸಿಕ್ಸ್ ಎಂದೂ ಬರೆಯುವುದುಂಟು, ಅದೂ ತಪ್ಪಲ್ಲ. ಪರೀಕ್ಷೆಯಲ್ಲಿ ಮಾತ್ರ ಥರ್ಡ್ ಪೇರಿಸಿ ಬಂದ ಹೆಸರನ್ನೇ ಕೊಡಿ.

ಪೂರ್ತಿ ಡಿಮಿನಿಶ್ಡ್‌ನಲ್ಲಿ ಕಿವಿಯೂ ಕೀಬೋರ್ಡೂ ನೆರವಿಗೆ ಬರುವುದಿಲ್ಲ. ಎಲ್ಲ ಅಂತರವೂ 3 ಆದ್ದರಿಂದ ಯಾವ ಸ್ವರದಿಂದ ಹೊರಟರೂ ಅದೇ ಆಕಾರ. ಜಿ ಶಾರ್ಪ್, ಬಿ, ಡಿ, ಎಫ್ ಎಂದು ಬರೆದಿದ್ದರೆ ರೂಟ್ ಜಿ ಶಾರ್ಪ್, ಅದು ಎ ಮೈನರ್‌ಗೆ ಹೋಗುವ ಕಾರ್ಡ್. ಕೀಬೋರ್ಡಿನ ಅವೇ ಕೀಗಳನ್ನು ಬಿ, ಡಿ, ಎಫ್, ಎ ಫ್ಲ್ಯಾಟ್ ಎಂದು ಬರೆದರೆ ರೂಟ್ ಬಿ, ಹೋಗುವುದು ಸಿ ಮೈನರ್‌ಗೆ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಹೊಸದಲ್ಲ. ಷಡ್ಜದಿಂದ 9 ಸೆಮಿಟೋನ್ ಮೇಲಿನ ಸ್ಥಾನ ಖರಹರಪ್ರಿಯದಲ್ಲಿ ಚತುಶ್ರುತಿ ಧೈವತ, ಕನಕಾಂಗಿಯಲ್ಲಿ ಶುದ್ಧ ನಿಷಾದ. ಅದೇ ತರ್ಕದಿಂದ ಸಿ ಡಿಮಿನಿಶ್ಡ್ ಸೆವೆನ್‌ನ ಕೊನೆಯ ಸ್ವರವನ್ನು ಬಿ ಡಬಲ್ ಫ್ಲ್ಯಾಟ್ ಎಂದು ಬರೆಯಬೇಕು. ಎ ಎಂದು ಬರೆದರೆ ಸಿಯಿಂದ ಅದು ಸಿಕ್ಸ್ತ್ ಆಗುತ್ತದೆ, ಸೆವೆಂತ್ ಆಗುವುದಿಲ್ಲ.

ಕಾರ್ಡ್ ಶೀಟಿನಿಂದ ಥಿಯರಿಗೆ ಬರುವವರು ಇನ್ನೊಂದು ಕಡೆ ಎಡವುತ್ತಾರೆ. ಶೀಟಿನಲ್ಲಿ ಸಿ ಪಕ್ಕದ 7 ಯಾವತ್ತೂ ಬಿ ಫ್ಲ್ಯಾಟ್. ಆದರೆ ಸಾಂಪ್ರದಾಯಿಕ ರೋಮನ್ ಅಂಕಿಯ ಪದ್ಧತಿಯಲ್ಲಿ 7 ಎಂದರೆ ಆ ಕೀಯಲ್ಲೇ ಇರುವ ಸೆವೆಂತ್. ಸಿ ಮೇಜರ್‌ನ ರೋಮನ್ 1ರ ಪಕ್ಕ 7 ಇದ್ದರೆ ಸಿ, ಇ, ಜಿ, ಬಿ ನ್ಯಾಚುರಲ್. ಮೇಜರ್ ಕೀಯಲ್ಲಿ 1, 4 ಮೇಜರ್ ಸೆವೆನ್. 2, 3, 6 ಮೈನರ್ ಸೆವೆನ್. 7 ಹಾಫ್ ಡಿಮಿನಿಶ್ಡ್. ಡಾಮಿನೆಂಟ್ ಸೆವೆನ್ 5ರ ಮೇಲೆ ಮಾತ್ರ. ಹೊರಗಿನ ಶಾರ್ಪ್ ಬಂದು ಬೇರೆ ಕಡೆ 4-3-3 ಕಂಡರೆ, ಉದಾಹರಣೆಗೆ ಸಿ ಮೇಜರ್‌ನಲ್ಲಿ ಡಿ, ಎಫ್ ಶಾರ್ಪ್, ಎ, ಸಿ, ಅದು ಐದರ ಐದು: ಮುಂದಿನ ಜಿ ಕಾರ್ಡ್‌ಗೆ ಡಾಮಿನೆಂಟ್.

ಹೆಸರು ಬರೆದ ಮೇಲೆ ಮುಂದಿನ ಕಾರ್ಡ್ ನೋಡಿ ತಾಳೆ ಹಾಕಿ. ಸಾಂಪ್ರದಾಯಿಕ ಬರವಣಿಗೆಯಲ್ಲಿ ಸೆವೆಂತ್ ಸಾಮಾನ್ಯವಾಗಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಜಿ ಸೆವೆನ್‌ನ ಎಫ್ ಇಳಿದು ಇ ಆಗುತ್ತದೆ, ಬಿ ಏರಿ ಸಿ ಆಗುತ್ತದೆ. 4-2 ಎಂದು ಗುರುತಿಸಿದ್ದರೆ ಆ ಎಫ್ ಬೇಸ್‌ನಲ್ಲೇ ಇರುತ್ತದೆ, ಹಾಗಾಗಿ ಮುಂದಿನದು ಇ ಬೇಸ್ ಇರುವ ಸಿ ಕಾರ್ಡ್ ಆಗಿರಬೇಕು. ಬೇಸ್ ಮೇಲಕ್ಕೆ ಹೋಗಿದ್ದರೆ ರೂಟ್ ಇನ್ನೊಮ್ಮೆ ಹುಡುಕಿ.