ಲಿವರ್ ಬಯಾಪ್ಸಿಯಲ್ಲಿ ಗ್ಲೈಪಿಕಾನ್-3 ಸ್ಟೇನ್: ನನ್ನ ಅನುಭವ

ಲಿವರ್ ಗಡ್ಡೆಯ ಬಯಾಪ್ಸಿಗೆ, ಗ್ಲೈಪಿಕಾನ್-3 ಅನ್ನೋ ಪ್ರೋಟೀನ್ ಇದ್ದಲ್ಲಿ ಬ್ರೌನ್ ಬಣ್ಣ ಬರೋ ಸ್ಟೇನ್ ಹಾಕ್ಲಿಕ್ಕೆ ಶುರು ಮಾಡಿದ ಮೇಲೆ ನಮ್ಮ ಪೆಥಾಲಜಿ ಪಿಜಿ ವಿದ್ಯಾರ್ಥಿಗಳು ಕೇಳೋ ಪ್ರಶ್ನೆ ಒಂದೇ, ಮೇಡಂ ಬ್ರೌನ್ ಬಂದ್ರೆ ಕ್ಯಾನ್ಸರ್ ಅಂತ ಬರೀಬಹುದಾ ಅಂತ. ಅದೊಂದನ್ನೇ ನೋಡಿ ಬರೀಲಿಕ್ಕೆ ಆಗುದಿಲ್ಲ. ಯಾಕೆ ಅಂತ ಗೊತ್ತಾಗ್ಬೇಕಾದ್ರೆ ಈ ಪ್ರೋಟೀನಿನ ಜೀನ್ ಹೊಟ್ಟೆಯೊಳಗಿನ ಮಗುವಿನಲ್ಲಿ ಎಂತ ಕೆಲಸ ಮಾಡ್ತದೆ ಅಂತ ಮೊದಲು ತಿಳ್ಕೊಳ್ಬೇಕು.

ಗ್ಲೈಪಿಕಾನ್-3 ತಯಾರಿಸೋ ಜಿಪಿಸಿ3 ಜೀನ್ ಇರೋದು ಎಕ್ಸ್ ಕ್ರೋಮೋಸೋಮಿನಲ್ಲಿ. ಅದರಿಂದ ಆಗೋದು 580 ಅಮೈನೋ ಆಸಿಡ್‌ಗಳ ಪ್ರೋಟೀನ್, ಜೀವಕೋಶದ ಹೊರಮೈಗೆ ಒಂದು ಕೊಬ್ಬಿನ ಕೊಂಡಿಯಿಂದ ಅಂಟಿಕೊಂಡು ಹೆಪರಾನ್ ಸಲ್ಫೇಟ್ ಅನ್ನೋ ಸಕ್ಕರೆಯ ಸರಪಳಿಗಳನ್ನು ಹೊತ್ಕೊಂಡು ಇರ್ತದೆ. ಭ್ರೂಣದಲ್ಲಿ ಇದು ಹೆಡ್ಜ್‌ಹಾಗ್ ಅನ್ನೋ ಬೆಳವಣಿಗೆಯ ಸಿಗ್ನಲ್ಲನ್ನು ತಾನೇ ಹಿಡ್ಕೊಂಡು ಅದರ ರಿಸೆಪ್ಟರಿಗೆ ಪೂರ್ತಿ ಸಿಗದ ಹಾಗೆ ನೋಡ್ಕೊಳ್ತದೆ, ಅಂದ್ರೆ ಬೆಳವಣಿಗೆಗೆ ಬ್ರೇಕ್. ಈ ಜೀನ್ ಕೆಟ್ಟ ಗಂಡುಮಕ್ಕಳಲ್ಲಿ ಸಿಂಪ್ಸನ್-ಗೊಲಾಬಿ-ಬೆಹ್ಮೆಲ್ ಸಿಂಡ್ರೋಮ್ ಬರ್ತದೆ ಅಂತ 1996ರಲ್ಲಿ ಗೊತ್ತಾಯ್ತು, ಮಗು ಹುಟ್ಟುವಾಗಲೇ ದೊಡ್ಡದು, ನಾಲಿಗೆ ದೊಡ್ಡದು, ಕೆಲವರಿಗೆ ಹೆಚ್ಚಿನ ಮೊಲೆತೊಟ್ಟು, ಹೃದಯದ ತೊಂದರೆ, ಕಿಡ್ನಿಯ ವಿಲ್ಮ್ಸ್ ಗಡ್ಡೆ ಮತ್ತೆ ಲಿವರಿನ ಹೆಪಟೋಬ್ಲಾಸ್ಟೋಮದ ರಿಸ್ಕ್ ಕೂಡ ಉಂಟು.

ವಿಚಿತ್ರ ನೋಡಿ, ಅಲ್ಲಿ ಪ್ರೋಟೀನ್ ಇಲ್ಲದೆ ಬೆಳವಣಿಗೆ ಮಿತಿ ಮೀರ್ತದೆ, ದೊಡ್ಡವರ ಲಿವರ್ ಕ್ಯಾನ್ಸರಲ್ಲಿ ಅದೇ ಪ್ರೋಟೀನ್ ಜಾಸ್ತಿಯಾಗಿ ಡಬ್ಲ್ಯುಎನ್‌ಟಿ ಅನ್ನೋ ಇನ್ನೊಂದು ಬೆಳವಣಿಗೆಯ ಸಿಗ್ನಲ್ಲಿಗೆ ಬಲ ಕೊಟ್ಟು ಗಡ್ಡೆಯನ್ನು ಬೆಳೆಸ್ತದೆ. ಭ್ರೂಣದ ಲಿವರಲ್ಲಿ ಆನ್ ಇರ್ತದೆ, ದೊಡ್ಡವರ ಆರೋಗ್ಯದ ಲಿವರಲ್ಲಿ ಆಫ್, ಹೆಪಟೋಸೆಲ್ಯುಲರ್ ಕಾರ್ಸಿನೋಮ ಅನ್ನೋ ಲಿವರ್ ಕ್ಯಾನ್ಸರಲ್ಲಿ ಮತ್ತೆ ಆನ್. ನಾವು ಸ್ಟೇನಲ್ಲಿ ಹುಡುಕೋದು ಈ ಮತ್ತೆ ಆನ್ ಆದದ್ದನ್ನು.

ಈಗ ಕೆಲಸದ ವಿಷಯ. ಸೂಜಿ ಬಯಾಪ್ಸಿ ಮಲ್ಲಿಗೆ ಕಟ್ಟೋ ನೂಲಿನ ಹಾಗೆ ಇರ್ತದೆ, ಕೆಲವು ಮಂಗಳೂರಿನ ಆಸ್ಪತ್ರೆಗಳಿಂದ, ಕೆಲವು ಪುತ್ತೂರು ಸುಳ್ಯ ಕಡೆಯಿಂದ ಬರ್ತದೆ, ಮಳೆಗಾಲದಲ್ಲಿ ಬರುವಾಗ ಲೇಟಾಗ್ತದೆ. ಹಾಗಾಗಿ ತೆಗೆದ ಕೂಡಲೇ 10% ಬಫರ್ಡ್ ಫಾರ್ಮಲಿನ್‌ಗೆ ಹಾಕಿ, ಟೈಮ್ ಬರೀರಿ ಅಂತ ಕಳಿಸುವವರ ಹತ್ರ ನಾನು ಪ್ರತಿ ಸಲ ಹೇಳ್ತೇನೆ, ಟಿಶ್ಯೂ ಕೆಡದ ಹಾಗೆ ಹಿಡಿದಿಡೋ ಈ ಫಿಕ್ಸೇಶನ್ ಹಾಳಾದ್ರೆ ಮುಂದೆ ಗ್ಲೈಪಿಕಾನಿಗೆ ಅಂಟೋ ಎಷ್ಟು ಒಳ್ಳೆ ಆಂಟಿಬಾಡಿ ಇದ್ರೂ ಪ್ರಯೋಜನ ಇಲ್ಲ.

ಸೆಕ್ಷನ್ ಅಂದ್ರೆ ಟಿಶ್ಯೂವಿನ ತೆಳು ಪದರ 3ರಿಂದ 4 ಮೈಕ್ರಾನ್, ಟಿಶ್ಯೂ ಗಟ್ಟಿ ಅಂಟಿಕೊಳ್ಳೋ ಚಾರ್ಜ್ಡ್ ಸ್ಲೈಡ್ ಮೇಲೆ. ಜೂನ್ ಜುಲೈಯಲ್ಲಿ ಇಲ್ಲಿಯ ಗಾಳಿಯ ತೇವಕ್ಕೆ ಸ್ಲೈಡ್ ಸರಿ ಒಣಗುದಿಲ್ಲ, ಒಣಗದೆ ಕುಕ್ಕರಿಗೆ ಹೋದ್ರೆ ಟಿಶ್ಯೂ ಎದ್ದು ಹೋಗ್ತದೆ, ಅದಕ್ಕೆ ಮಳೆಗಾಲದಲ್ಲಿ 60 ಡಿಗ್ರಿಯಲ್ಲಿ ಹೆಚ್ಚು ಹೊತ್ತು ಬೇಕ್ ಮಾಡ್ತೇವೆ. ರಿಟ್ರೀವಲ್, ಅಂದ್ರೆ ಫಾರ್ಮಲಿನ್ ಮುಚ್ಚಿಟ್ಟ ಪ್ರೋಟೀನನ್ನು ಬಿಸಿಯಲ್ಲಿ ಮತ್ತೆ ತೆರೆಯೋದು, ಪ್ರೆಶರ್ ಕುಕ್ಕರಲ್ಲಿ, ಪಿಎಚ್ 9ರ ಬಫರ್. ಆಂಟಿಬಾಡಿ 1ಜಿ12 ಕ್ಲೋನ್. ಲಿವರಲ್ಲಿ ಬಯೋಟಿನ್ ತುಂಬಾ ಇರೋದ್ರಿಂದ ಹಳೆ ಅವಿಡಿನ್-ಬಯೋಟಿನ್ ಕಿಟ್ ಹಾಕಿದ್ರೆ ಎಲ್ಲ ಕಡೆ ಸುಮ್ಮನೆ ಬ್ರೌನ್ ಬರ್ತದೆ, ಬಯೋಟಿನ್ ಇಲ್ಲದ ಪಾಲಿಮರ್ ಕಿಟ್ಟೇ ಬೇಕು.

ಸ್ಟೇನ್ ಸರಿಯಾಗಿ ಆಯ್ತಾ ಅಂತ ನೋಡೋ ಕಂಟ್ರೋಲಿಗೆ ನಾನು ಪ್ಲಾಸೆಂಟಾ ಇಡ್ತೇನೆ. ಅದರ ಹೊರಪದರದ ಟ್ರೋಫೋಬ್ಲಾಸ್ಟ್ ಕೋಶಗಳಲ್ಲಿ ಗ್ಲೈಪಿಕಾನ್-3 ಚೆನ್ನಾಗಿ ಬರ್ತದೆ, ಸಿಗೋದೂ ಸುಲಭ. ನೆಗೆಟಿವಿಗೆ ಬೇರೆ ಹುಡುಕ್ಬೇಕಾಗಿಲ್ಲ, ಅದೇ ಬಯಾಪ್ಸಿಯಲ್ಲಿ ಪಕ್ಕದ ಗಡ್ಡೆಯಿಲ್ಲದ ಲಿವರ್ ಬಂದಿದ್ರೆ ಅದರಲ್ಲಿ ಸಾಮಾನ್ಯವಾಗಿ ಬ್ರೌನ್ ಬರ್ಬಾರದು.

ಓದುವಾಗ ತುಂಬಾ ಜಾಗ್ರತೆ ಬೇಕು. ಬ್ರೌನ್ ಸೈಟೋಪ್ಲಾಸಮಲ್ಲಿ ಬರ್ತದೆ, ಮೆಂಬ್ರೇನಲ್ಲೂ ಬರ್ತದೆ. ಲಿಪೋಫಸಿನ್ ಪಿಗ್ಮೆಂಟ್ ಕೂಡ ಬ್ರೌನೇ, ಪಿತ್ತವೂ ಗೊಂದಲ ಮಾಡ್ತದೆ, ಅದಕ್ಕೆ ಆಂಟಿಬಾಡಿ ಹಾಕದ ಸ್ಲೈಡ್ ಪಕ್ಕದಲ್ಲಿಟ್ಟೇ ನಾನು ನೋಡೋದು. ಹೆಪಟೈಟಿಸ್ ಸಿ ಜೋರಾಗಿರೋ ಲಿವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಅಲ್ಲಲ್ಲಿ ಪಾಸಿಟಿವ್ ಬರಬಹುದು. ಯೋಕ್ ಸ್ಯಾಕ್ ಗಡ್ಡೆಯಲ್ಲೂ ಬರ್ತದೆ, ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರ್ ಕೆಲವದರಲ್ಲೂ. ಇನ್ನೊಂದು ಕಡೆ, ಚೆನ್ನಾಗಿ ಡಿಫರೆನ್ಶಿಯೇಟ್ ಆದ, ಅಂದ್ರೆ ನೋಡ್ಲಿಕ್ಕೆ ಮಾಮೂಲಿ ಲಿವರಿನ ಹಾಗೇ ಇರೋ, ಆರಂಭದ ಕಾರ್ಸಿನೋಮಗಳಲ್ಲಿಯೇ ಈ ಸ್ಟೇನ್ ಹೆಚ್ಚಾಗಿ ಕೈಕೊಡೋದು, ನಮಗೆ ಡೌಟ್ ಬರೋದೂ ಅದೇ ಕೇಸಲ್ಲಿ. ಹಾಗಾಗಿ ಮಾಮೂಲಿ ಎಚ್ ಅಂಡ್ ಇ ಸ್ಟೇನ್, ನಾರಿನ ಜಾಲ ತೋರಿಸೋ ರೆಟಿಕ್ಯುಲಿನ್ ಸ್ಟೇನ್ ನೋಡಿದ ಮೇಲೆಯೇ ಇದು. ಸಿರೋಸಿಸ್ ಆಗಿ ಗಟ್ಟಿಯಾದ ಲಿವರಿನ ಗಂಟು (ನೋಡ್ಯೂಲ್) ಆದ್ರೆ ಜೊತೆಗೆ ಎಚ್‌ಎಸ್‌ಪಿ70, ಗ್ಲುಟಮಿನ್ ಸಿಂಥೆಟೇಸ್ ಅನ್ನೋ ಇನ್ನೆರಡು ಪ್ರೋಟೀನಿನ ಸ್ಟೇನ್ ಕೂಡ ಹಾಕ್ತೇನೆ, ಮೂರರಲ್ಲಿ ಎರಡು ಪಾಸಿಟಿವ್ ಬಂದ್ರೆ ಕಾರ್ಸಿನೋಮ ಅನ್ನಲಿಕ್ಕೆ ಧೈರ್ಯ ಬರ್ತದೆ. ಬೇರೆ ಕಡೆಯಿಂದ ಹರಡಿದ್ದಾ ಅನ್ನೋ ಪ್ರಶ್ನೆಗೆ ಲಿವರ್ ಕೋಶವೇ ಹೌದಾ ಅಂತ ತೋರಿಸೋ ಆರ್ಜಿನೇಸ್-1 ಸ್ಟೇನ್ ಬೇರೆ ಬೇಕು.

ಇಷ್ಟೆಲ್ಲ ಸ್ಟೇನಿಗೆ ಆ ನೂಲಿನಷ್ಟೇ ಟಿಶ್ಯೂ. ಪ್ರತಿ ಸಲ ಟಿಶ್ಯೂ ಕೂರಿಸಿದ ಮೇಣದ ಬ್ಲಾಕನ್ನು ಹೊಸದಾಗಿ ಟ್ರಿಮ್ ಮಾಡಿದ್ರೆ ಅರ್ಧ ಅಲ್ಲಿಯೇ ಹೋಗ್ತದೆ. ಅದಕ್ಕೆ ಲಿವರ್ ಗಡ್ಡೆ ಅಂತ ರಿಕ್ವೆಸ್ಟ್ ಫಾರ್ಮಲ್ಲಿ ಕಂಡ್ರೆ ಸಾಕು, ಮೊದಲ ಕಟಿಂಗಲ್ಲೇ ಹೆಚ್ಚುವರಿ ಸೆಕ್ಷನ್‌ಗಳನ್ನು ಚಾರ್ಜ್ಡ್ ಸ್ಲೈಡ್ ಮೇಲೆ ತೆಗೆದಿಡ್ಲಿಕ್ಕೆ ಟೆಕ್ನಿಷಿಯನ್ ಹತ್ರ ಹೇಳಿಟ್ಟಿದ್ದೇನೆ. ಗ್ಲೈಪಿಕಾನ್ ನೆಗೆಟಿವ್ ಬಂದು ಉಳಿದದ್ದು ಕ್ಯಾನ್ಸರ್ ಅಂತಲೇ ಕಾಣ್ತಿದ್ರೆ, ನೆಗೆಟಿವ್ ಬಂದ ಮಾತ್ರಕ್ಕೆ ಕಾರ್ಸಿನೋಮ ಅಲ್ಲ ಅಂತ ಹೇಳ್ಲಿಕ್ಕಾಗುದಿಲ್ಲ ಅಂತ ರಿಪೋರ್ಟಲ್ಲಿ ಬಿಡಿಸಿ ಬರೀತೇನೆ, ಆಮೇಲೆ ಸ್ಕ್ಯಾನ್ ನೋಡಿದ ರೇಡಿಯಾಲಜಿಸ್ಟಿಗೆ ಫೋನ್ ಮಾಡಿ ಸೂಜಿ ಗಡ್ಡೆಯ ಯಾವ ಭಾಗಕ್ಕೆ ಹೋಗಿತ್ತು ಅಂತ ಕೇಳ್ತೇನೆ.