ಯಾವ ಸಿವ್‌ಗೆ ಎಷ್ಟು ಬಲ: ಏಜ್ ಆಫ್ ಎಂಪೈರ್ಸ್ 2ರಲ್ಲಿ ನಾನು ಅಳೆಯುವ ಬಗೆ

ರಾಜ್ಯ ಕಟ್ಟಿ, ಸೇನೆ ಬೆಳೆಸಿ ಕಾದಾಡುವ ಕಂಪ್ಯೂಟರ್ ಗೇಮ್ ಏಜ್ ಆಫ್ ಎಂಪೈರ್ಸ್ 2 ಆಡುವವರು ನಾಲ್ಕು ಜನ ಸೇರಿದರೆ ಏಳುವ ಮೊದಲ ಪ್ರಶ್ನೆ, ಯಾವ ಸಿವ್ (ನಾಗರಿಕತೆ) ಸ್ಟ್ರಾಂಗ್? 1999ರಲ್ಲಿ ಗೇಮ್ ಬಂದಾಗ 13 ನಾಗರಿಕತೆಗಳಿದ್ದವು. 2019ರಲ್ಲಿ ಡಿಫಿನಿಟಿವ್ ಎಡಿಷನ್ ಬರುವ ಹೊತ್ತಿಗೆ ಅವು 35 ಆದವು, ಆಮೇಲೂ ಸೇರುತ್ತಲೇ ಇವೆ. ಪ್ರತಿ ಸಿವ್‌ಗೂ ಇರುವ ವಿಶೇಷ ಅನುಕೂಲಗಳ, ಅಂದರೆ ಬೋನಸ್‌ಗಳ ಪಟ್ಟಿ ಓದಿ ಇಷ್ಟನ್ನೂ ಹೋಲಿಸಲು ಆಗುವುದಿಲ್ಲ. ಒಂದರ ಬೋನಸ್ ಶೇಕಡಾ ಲೆಕ್ಕದಲ್ಲಿರುತ್ತದೆ, ಇನ್ನೊಂದರದು ವುಡ್‌ನಲ್ಲಿ, ಮತ್ತೊಂದರದು ಸೆಕೆಂಡಿನಲ್ಲಿ. ನಾನು ಎಲ್ಲವನ್ನೂ ಎರಡೇ ಪ್ರಶ್ನೆಗೆ ತಂದು ನಿಲ್ಲಿಸುತ್ತೇನೆ: ಈ ಬೋನಸ್ ಎಷ್ಟನೇ ನಿಮಿಷಕ್ಕೆ ಕೈಗೆ ಸಿಗುತ್ತದೆ, ಆ ನಿಮಿಷದಲ್ಲಿ ಅದು ಎಷ್ಟು ವಿಲೇಜರ್‌ಗಳ ದುಡಿಮೆಗೆ ಸಮ?

ಅಳತೆಗೋಲು ವಿಲೇಜರ್, ಅಂದರೆ ಫುಡ್, ವುಡ್, ಗೋಲ್ಡ್ ಕೂಡಿಸುವ, ಕಟ್ಟಡ ಕಟ್ಟುವ ಕೆಲಸಗಾರ. ಬೆಲೆ 50 ಫುಡ್, ತಯಾರಾಗಲು 25 ಸೆಕೆಂಡ್. ನಡೆದಾಟವೂ ಸೇರಿ ಒಬ್ಬ ವಿಲೇಜರ್ ನಿಮಿಷಕ್ಕೆ ಸುಮಾರು 20 ಯೂನಿಟ್ ತರುತ್ತಾನೆ ಅಂತ ಹಿಡಿದರೆ ಸಾಕು, ಹೋಲಿಕೆಗೆ ಇದಕ್ಕಿಂತ ಸೂಕ್ಷ್ಮ ಬೇಡ. ಜೊತೆಗೆ ಒಂದು ಗೆರೆ ಬೇಕು, ಎಲ್ಲ ಸಿವ್‌ಗಳನ್ನೂ ಅದರ ಪಕ್ಕದಲ್ಲಿ ನಿಲ್ಲಿಸಿ ನೋಡಲು. ಆಟ ಡಾರ್ಕ್, ಫ್ಯೂಡಲ್, ಕ್ಯಾಸಲ್, ಇಂಪೀರಿಯಲ್ ಎಂಬ ನಾಲ್ಕು ಏಜ್‌ಗಳಲ್ಲಿ ಸಾಗುತ್ತದೆ. ನನ್ನ ಗೆರೆ 21 ಪಾಪ್‌ಗೆ (ಒಟ್ಟು ಜನಸಂಖ್ಯೆ) ಫ್ಯೂಡಲ್ ಏಜ್‌ಗೆ ಏರಲು ಕ್ಲಿಕ್ ಮಾಡುವುದು. 3 ವಿಲೇಜರ್, 1 ಸ್ಕೌಟ್‌ನಿಂದ (ಹಗುರ ಕುದುರೆ ಸವಾರ) ಶುರು, ಅಂದರೆ ಇನ್ನೂ 17 ವಿಲೇಜರ್ ಬೇಕು: 425 ಸೆಕೆಂಡ್. ವಿಲೇಜರ್‌ಗಳನ್ನು ಗಟ್ಟಿ ಮಾಡುವ ಲೂಮ್ ಸುಧಾರಣೆಗೆ 25 ಸೇರಿಸಿದರೆ 450. ವಿಲೇಜರ್‌ಗಳು ತಯಾರಾಗುವ ಟೌನ್ ಸೆಂಟರ್ ಒಂದು ಕ್ಷಣವೂ ಸುಮ್ಮನಿರದಿದ್ದರೆ 7:30ಕ್ಕೆ ಕ್ಲಿಕ್, ಏಜ್ ಏರಲು 130 ಸೆಕೆಂಡ್, 9:40ಕ್ಕೆ ಫ್ಯೂಡಲ್. ಸಾಮಾನ್ಯ ಸಿವ್‌ನಲ್ಲಿ ಇದಕ್ಕಿಂತ 20 ಸೆಕೆಂಡ್ ತಡವಾದರೆ ತಪ್ಪು ಕೈಯದು, ಸಿವ್‌ನದಲ್ಲ. ಈ ಗೆರೆಯನ್ನು ಮುಟ್ಟಲು ಬಾರದವರು ಸಿವ್ ಹೋಲಿಕೆಗೆ ಇಳಿಯುವ ಮುನ್ನ ಅದನ್ನೇ ಅಭ್ಯಾಸ ಮಾಡಬೇಕು. ನಮ್ಮದೇ 40 ಸೆಕೆಂಡ್ ತಡದೊಳಗೆ ಎಂಥ ಬೋನಸ್ಸೂ ಮುಚ್ಚಿಹೋಗುತ್ತದೆ.

ಈಗ ಹನ್ಸ್ ನೋಡೋಣ. ಮನೆಯೇ ಕಟ್ಟಬೇಕಿಲ್ಲ ಅಂತ ಓದಿದ ಕೂಡಲೇ ದೊಡ್ಡ ಲಾಭ ಅನಿಸುತ್ತದೆ. ಒಂದು ಮನೆ 5 ಜನರಿಗೆ ಜಾಗ ಕೊಡುತ್ತದೆ, 200 ಪಾಪ್‌ಗೆ ಟೌನ್ ಸೆಂಟರ್‌ನ 5 ಕಳೆದರೆ 39 ಮನೆ, ತಲಾ 25 ವುಡ್, ಒಟ್ಟು 975. ಆದರೆ ಹನ್ಸ್‌ಗೆ ಆರಂಭದಲ್ಲೇ 100 ವುಡ್ ಕಡಿಮೆ. ಅಂದರೆ ಮೊದಲ ನಾಲ್ಕು ಮನೆಗಳ ದುಡ್ಡನ್ನು ಮುಂಗಡವಾಗಿ ಕಟ್ಟಿಯಾಗಿದೆ, ವುಡ್ ಲೆಕ್ಕದಲ್ಲಿ 25 ಪಾಪ್ ದಾಟುವವರೆಗೆ ಉಳಿತಾಯ ಸೊನ್ನೆ. 45 ಪಾಪ್‌ಗೆ, ಕ್ಯಾಸಲ್ ಏಜ್ ಹೊತ್ತಿಗೆ, ಉಳಿದದ್ದು 100 ವುಡ್. ನಿಜವಾದ ಲಾಭ ಬೇರೆ ಕಡೆ ಇದೆ. ಒಬ್ಬ ವಿಲೇಜರ್ ಒಂದು ಮನೆ ಕಟ್ಟಲು 25 ಸೆಕೆಂಡ್ ನಿಲ್ಲುತ್ತಾನೆ, ಹೋಗಿ ಬರುವ ನಡಿಗೆ ಬೇರೆ, ಅದೆಲ್ಲ ಉಳಿಯುತ್ತದೆ. ಮನೆ ಮರೆತು ಟೌನ್ ಸೆಂಟರ್ ನಿಂತುಹೋಗುವ ಭಯವೂ ಇಲ್ಲ. ಹೊಸಬರಿಗೆ ಈ ಎರಡನೆಯದೇ ದೊಡ್ಡದು.

ಚೈನೀಸ್ ಇದಕ್ಕೆ ತದ್ವಿರುದ್ಧ. 3 ವಿಲೇಜರ್ ಹೆಚ್ಚು, ಆದರೆ 200 ಫುಡ್, 50 ವುಡ್ ಕಡಿಮೆ. ಆಟ ಶುರುವಾದಾಗ ಫುಡ್ ಸೊನ್ನೆ, ಆರೂ ಜನರನ್ನು ಕುರಿಗೆ ಹಚ್ಚಿ 50 ಫುಡ್ ಬರುವವರೆಗೆ ಟೌನ್ ಸೆಂಟರ್ ಸುಮ್ಮನೆ ಕೂರುತ್ತದೆ. ಚೆನ್ನಾಗಿ ಆಡಿದರೂ ಇಲ್ಲಿ ಹೋಗುವ ಸಮಯ ಸುಮಾರು ಒಬ್ಬ ವಿಲೇಜರ್‌ನದು. ಹಾಗಾಗಿ 3ರ ಮುನ್ನಡೆ ಕೈಗೆ ಬರುವಾಗ 2 ಆಗಿರುತ್ತದೆ. ಕುರಿ ಹುಡುಕುವುದು ತಡವಾದರೆ ಅದೂ ಇಲ್ಲ. ಪಳಗಿದ ಕೈಗೆ ಚೈನೀಸ್ ಮೇಲ್ಪಂಕ್ತಿಯ ಸಿವ್. ಹೊಸ ಕೈಗೆ ಮೊದಲ ನಿಮಿಷದಲ್ಲೇ ಹಿಂದೆ ಬೀಳಿಸುವ ಸಿವ್. ಎರಡೂ ನಿಜ.

ಸಮಯದ ಬೋನಸ್‌ಗಳನ್ನು ಲೆಕ್ಕ ಹಾಕುವುದು ಸುಲಭ. ವಿಲೇಜರ್‌ಗಳ ನಡಿಗೆಯನ್ನೂ ಹೊರೆಯನ್ನೂ ಹೆಚ್ಚಿಸುವ ವೀಲ್‌ಬ್ಯಾರೋ ಸುಧಾರಣೆ ವೈಕಿಂಗ್ಸ್‌ಗೆ ಪುಕ್ಕಟೆ. ಬೇರೆಯವರು ಅದಕ್ಕೆ 175 ಫುಡ್, 50 ವುಡ್ ಕೊಡಬೇಕು, ಮೇಲೆ ಟೌನ್ ಸೆಂಟರ್‌ನ 75 ಸೆಕೆಂಡ್, ಅಂದರೆ ಮೂವರು ವಿಲೇಜರ್‌ಗಳ ಜಾಗ. ಇದು ಫ್ಯೂಡಲ್ ತಲುಪಿದ ಕ್ಷಣವೇ ಸಿಗುವುದರಿಂದ ನನ್ನ ಲೆಕ್ಕದಲ್ಲಿ ಗೇಮ್‌ನ ಅತಿ ಬೆಲೆಯುಳ್ಳ ಆರ್ಥಿಕ ಬೋನಸ್‌ಗಳಲ್ಲಿ ಒಂದು. ಮಲಯ್ ಏಜ್ ಏರುವುದು 66% ಬೇಗ: 130 ಸೆಕೆಂಡ್ ಬದಲು ಸುಮಾರು 78. ಇಲ್ಲಿ ಬಹಳ ಜನ ಎಡವುತ್ತಾರೆ. 21 ಪಾಪ್‌ಗೇ ಕ್ಲಿಕ್ ಮಾಡಿ ಬೇಗ ಫ್ಯೂಡಲ್ ಮುಟ್ಟುತ್ತಾರೆ, ಆದರೆ ವುಡ್ ಕೂಡಿಸುವ ಆ 52 ಸೆಕೆಂಡ್ ಕಳೆದುಕೊಂಡಿರುವುದರಿಂದ ಸ್ಟೇಬಲ್‌ಗೆ (ಕುದುರೆ ಲಾಯ) ಬೇಕಾದ 175 ವುಡ್ ಇರುವುದಿಲ್ಲ. ಅದರ ಬದಲು ಇನ್ನಿಬ್ಬರು ವಿಲೇಜರ್ ಮಾಡಿ 23 ಪಾಪ್‌ಗೆ ಕ್ಲಿಕ್ ಮಾಡಬೇಕು. ಫ್ಯೂಡಲ್ ಎಲ್ಲರಷ್ಟೇ ಹೊತ್ತಿಗೆ, ಜನ ಇಬ್ಬರು ಹೆಚ್ಚು.

ಡ್ರವಿಡಿಯನ್ಸ್‌ಗೆ ಪ್ರತಿ ಏಜ್‌ಗೆ 200 ವುಡ್ ಬರುತ್ತದೆ. ಫ್ಯೂಡಲ್‌ನಲ್ಲಿ ಅದು ಒಂದು ಆರ್ಚರಿ ರೇಂಜ್ (ಬಿಲ್ಲುಗಾರರು ತಯಾರಾಗುವ ಕಟ್ಟಡ) ಮತ್ತು ಒಂದು ಮನೆ, ಲೆಕ್ಕ ಸರಿಯಾಗಿ ಕೂರುತ್ತದೆ. ಹತ್ತು ವಿಲೇಜರ್‌ಗಳ ಒಂದು ನಿಮಿಷದ ದುಡಿಮೆ. ಇಥಿಯೋಪಿಯನ್ಸ್‌ಗೆ 100 ಫುಡ್, 100 ಗೋಲ್ಡ್: ಎರಡು ಆರ್ಚರ್‌ಗಳ ಗೋಲ್ಡ್ ಕೈಯಲ್ಲಿ. ಟ್ಯೂಟನ್ಸ್‌ನ ಫಾರ್ಮ್ 60 ವುಡ್ ಬದಲು 36, 20 ಫಾರ್ಮ್ ಹಾಕುವಷ್ಟರಲ್ಲಿ 480 ವುಡ್ ಉಳಿತಾಯ, ಆದರೆ ಅದು ಹನಿಹನಿಯಾಗಿ ಬರುವಂಥದ್ದು, ಮೊದಲ ಜಗಳಕ್ಕೆ ಒದಗುವುದಿಲ್ಲ.

ಇಷ್ಟು ಆರ್ಥಿಕತೆ. ನಾನು ಹೆಚ್ಚು ಹೊತ್ತು ಕಳೆಯುವುದು ಸೈನಿಕರ ಬೋನಸ್ ಮೇಲೆ, ಏಕೆಂದರೆ ಕಣ್ಣು ಮೋಸ ಹೋಗುವುದು ಅಲ್ಲೇ. ಪೆಟ್ಟಿನ ಸೂತ್ರ ಸರಳ: ಹೊಡೆತದಲ್ಲಿ ಕವಚ ಕಳೆದು ಉಳಿದಷ್ಟು ಪೆಟ್ಟು, ಕನಿಷ್ಠ 1. ನೋಡಬೇಕಾದದ್ದು ಎಷ್ಟು ಶೇಕಡಾ ಜೀವ ಹೆಚ್ಚಿತು ಅಂತ ಅಲ್ಲ, ಸಾಯಲು ಎಷ್ಟು ಪೆಟ್ಟು ಹೆಚ್ಚು ಬೇಕಾಯಿತು ಅಂತ.

ಫ್ರ್ಯಾಂಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಫ್ಯೂಡಲ್‌ನಿಂದಲೇ ಅಶ್ವದಳಕ್ಕೆ 20% ಹೆಚ್ಚು ಜೀವ, ಆದರೆ ಕುದುರೆಗಳಿಗೆ 20 ಜೀವ ಸೇರಿಸುವ ಬ್ಲಡ್‌ಲೈನ್ಸ್ ಸುಧಾರಣೆ ಇಲ್ಲ. ಸ್ಕೌಟ್‌ಗೆ 45ರ ಬದಲು 54. ಎದುರಿಗೆ ಈಟಿ ಹಿಡಿದ ಸ್ಪಿಯರ್‌ಮನ್ ನಿಂತ ಅಂತಿಟ್ಟುಕೊಳ್ಳಿ. ಅವನ ಹೊಡೆತ 3, ಕುದುರೆಯ ಮೇಲೆ ಬೋನಸ್ 15, ಒಟ್ಟು 18. 45 ಜೀವದ ಸ್ಕೌಟ್ ಮೂರು ಪೆಟ್ಟಿಗೆ ಬೀಳುತ್ತದೆ. 54 ಜೀವದ್ದು? 18 ಮೂರಲೆ 54, ಅದೂ ಮೂರೇ ಪೆಟ್ಟಿಗೆ. ಸ್ಪಿಯರ್‌ಮನ್ ಎದುರು ಫ್ರ್ಯಾಂಕ್ಸ್ ಬೋನಸ್ ಇಲ್ಲವೇ ಇಲ್ಲ! 150 ಫುಡ್, 100 ಗೋಲ್ಡ್ ಕೊಟ್ಟು ಬ್ಲಡ್‌ಲೈನ್ಸ್ ಹಾಕಿದವರ 65 ಜೀವದ ಸ್ಕೌಟ್ ಬೀಳಲು ನಾಲ್ಕು ಪೆಟ್ಟು ಬೇಕು. ಆದರೆ ಫ್ಲೆಚಿಂಗ್ (ಬಾಣದ ಮೊದಲ ಅಪ್‌ಗ್ರೇಡ್) ಹಾಕಿದ ಆರ್ಚರ್ ಎದುರು ಕಥೆ ಬೇರೆ. ಪ್ರತಿ ಬಾಣಕ್ಕೆ 3 ಪೆಟ್ಟು, 45ಕ್ಕೆ 15 ಬಾಣ, 54ಕ್ಕೆ 18. ಹಾಗಾಗಿ ಫ್ರ್ಯಾಂಕ್ಸ್ ಸ್ಕೌಟ್‌ಗಳನ್ನು ನಾನು ಆರ್ಚರ್‌ಗಳ ಮೇಲೆ, ಮರ ಕಡಿಯುವ ವಿಲೇಜರ್‌ಗಳ ಮೇಲೆ ಬಿಡುತ್ತೇನೆ, ಸ್ಪಿಯರ್ ಕಂಡರೆ ಬೇರೆ ಸ್ಕೌಟ್‌ಗಳಂತೆಯೇ ಹಿಂದೆ ಸರಿಸುತ್ತೇನೆ.

ಕ್ಯಾಸಲ್ ಏಜ್‌ಗೆ ಬಂದರೆ ಭಾರಿ ಕುದುರೆ ಸವಾರ ನೈಟ್ 100 ಜೀವದಿಂದ 120. ಬ್ಲಡ್‌ಲೈನ್ಸ್ ಹಾಕಿದವರದ್ದೂ 120. ಸಮ, ಆದರೆ ಫ್ರ್ಯಾಂಕ್ಸ್‌ಗೆ ಅದು ಖರ್ಚಿಲ್ಲದೆ ಬಂದದ್ದು. ಇಂಪೀರಿಯಲ್‌ನಲ್ಲಿ ನೈಟ್‌ನ ಮೇಲ್ದರ್ಜೆ ಪ್ಯಾಲಡಿನ್ 192, ಬೇರೆಯವರದು 180. ಒಂದೇ ಬೋನಸ್ ಮೂರು ಏಜ್‌ಗಳಲ್ಲಿ ಮೂರು ಬೆಲೆ ಪಡೆಯುತ್ತದೆ. ಸ್ಪಿಯರ್‌ಮನ್‌ನ ಮೇಲ್ದರ್ಜೆ ಪೈಕ್‌ಮನ್ ಎದುರು ಇನ್ನೊಂದು ಸೂಕ್ಷ್ಮ ಇದೆ. ಅವನ 4 ಹೊಡೆತದಲ್ಲಿ ನೈಟ್‌ನ 2 ಕವಚ ಕಳೆದು, 22 ಬೋನಸ್ ಸೇರಿದರೆ 24. 100 ಜೀವದ ನೈಟ್‌ಗೂ 120ರದಕ್ಕೂ ಐದೇ ಪೆಟ್ಟು. ಪೈಕ್‌ಮನ್ ಕಡೆಯವರು ಫೋರ್ಜಿಂಗ್ ಹಾಕಿದರೆ 25 ಆಗುತ್ತದೆ, ಆಗ 100ರ ನೈಟ್ ನಾಲ್ಕಕ್ಕೇ ಬೀಳುತ್ತದೆ, 120ರದು ಐದಕ್ಕೆ. ಕಮ್ಮಾರಸಾಲೆಯ ಒಂದು ಅಪ್‌ಗ್ರೇಡ್ ಹೋಲಿಕೆಯನ್ನೇ ತಿರುಗಿಸಿಬಿಡುತ್ತದೆ.

ಬಾಣದ ಎದುರು ಜೀವಕ್ಕಿಂತ ಕವಚ ದೊಡ್ಡದು. ಬಾಣದ ಎರಡನೇ ಅಪ್‌ಗ್ರೇಡ್ ಬಾಡ್ಕಿನ್‌ವರೆಗೆ ಹಾಕಿದ ಕ್ರಾಸ್‌ಬೋ (ಆರ್ಚರ್‌ನ ಮೇಲ್ದರ್ಜೆ) ಹೊಡೆತ 7. ಕವಚ ಹಾಕದ 120 ಜೀವದ ನೈಟ್ 24 ಬಾಣಕ್ಕೆ ಬೀಳುತ್ತದೆ, ಕ್ಯಾಸಲ್ ಏಜ್‌ನ ಎರಡೂ ಕವಚ ಹಾಕಿದರೆ 40ಕ್ಕೆ. ಆದ್ದರಿಂದ ಟೆಕ್ ಟ್ರೀ (ಸಿವ್‌ಗೆ ಸಿಗುವ ಸೈನಿಕರ, ಸುಧಾರಣೆಗಳ ಪಟ್ಟಿ) ತೆರೆದಾಗ ನಾನು ಮೊದಲು ಹುಡುಕುವುದು ಏನೇನು ಇಲ್ಲ ಅನ್ನುವುದನ್ನು. ಮಂಗೋಲ್ಸ್‌ಗೆ ಕುದುರೆಗಳ ಕೊನೆಯ ಕವಚ ಪ್ಲೇಟ್ ಬಾರ್ಡಿಂಗ್ ಇಲ್ಲ. ಪೂರ್ತಿ ಅಪ್‌ಗ್ರೇಡ್ ಆದ ಆರ್ಬಲೆಸ್ಟರ್ (ಕ್ರಾಸ್‌ಬೋದ ಮೇಲ್ದರ್ಜೆ) ಹೊಡೆತ 10, ಮಂಗೋಲ್ ಕ್ಯಾವಲಿಯರ್ (ನೈಟ್‌ನ ಮೇಲ್ದರ್ಜೆ) 24 ಬಾಣಕ್ಕೆ ಬೀಳುತ್ತದೆ, ಅದೇ 140 ಜೀವಕ್ಕೆ ಕೊನೆಯ ಕವಚವೂ ಇರುವ ಸಿವ್‌ನದು 35ಕ್ಕೆ. ಬೇಟೆಯಲ್ಲಿ ಅಷ್ಟು ಮುಂದಿರುವ ಮಂಗೋಲ್ಸ್ ಇಂಪೀರಿಯಲ್‌ನಲ್ಲಿ ಭಾರಿ ಕುದುರೆ ಬಿಟ್ಟು ಕುದುರೆ ಮೇಲಿನ ಬಿಲ್ಲುಗಾರ ಮಂಗುದಾಯ್ ಕಡೆ ಹೋಗಬೇಕಾಗುವುದು ಇದಕ್ಕೇ. ಟರ್ಕ್ಸ್‌ಗೆ ಪೈಕ್‌ಮನ್ ಇಲ್ಲ, ಬಿಲ್ಲುಗಾರರನ್ನು ತಡೆಯುವ ಎಲೀಟ್ ಸ್ಕರ್ಮಿಷರ್ ಇಲ್ಲ. ಗೋಲ್ಡ್ ಇರುವಷ್ಟು ಹೊತ್ತು ಬಂದೂಕಿನ ಜಾನಿಸರಿ, ಫಿರಂಗಿ ಎಲ್ಲ ಚೆಂದ, ಮುಗಿದ ಮೇಲೆ ಕೈಯಲ್ಲಿ ಉಳಿಯುವುದು ಗೋಲ್ಡ್ ಬೇಡದ ಕುದುರೆ ಸವಾರ ಹುಸಾರ್ ಒಂದೇ. ಮನೆ ಪಕ್ಕದ ಮುಖ್ಯ ಗಣಿಯಲ್ಲಿ 7 ತುಂಡು, ತಲಾ 800, ಒಟ್ಟು 5,600 ಗೋಲ್ಡ್ ಅಷ್ಟೇ ಅನ್ನುವುದನ್ನು ಟರ್ಕ್ಸ್ ಆಡುವವರು ನೆನಪಿಡಬೇಕು. ಬೈಜಾಂಟೈನ್ಸ್ ಇದರ ಉಲ್ಟಾ. ಸ್ಪಿಯರ್, ಸ್ಕರ್ಮಿಷರ್, ಒಂಟೆ 25% ಅಗ್ಗ, ಆಟ ಉದ್ದವಾದಷ್ಟೂ ಬೆಲೆ ಏರುತ್ತದೆ, ಆದರೆ ಹೊಡೆತ ಹೆಚ್ಚಿಸುವ ಕೊನೆಯ ಅಪ್‌ಗ್ರೇಡ್ ಬ್ಲಾಸ್ಟ್ ಫರ್ನೇಸ್ ಇಲ್ಲದ್ದರಿಂದ ದಾಳಿಗೆ ಹೊರಟಾಗ ಹೊಡೆತ ಸಾಲದು.

ಬ್ರಿಟನ್ಸ್ ಬಗ್ಗೆ ಒಂದು ಮಾತು. ಕ್ಯಾಸಲ್ ಏಜ್‌ನಲ್ಲಿ ಅವರ ಕ್ರಾಸ್‌ಬೋ ರೇಂಜ್ 5, ಎರಡು ಅಪ್‌ಗ್ರೇಡ್‌ನ 2, ಸಿವ್‌ನ 1, ಒಟ್ಟು 8. ಕಲ್ಲೆಸೆಯುವ ಯಂತ್ರ ಮ್ಯಾಂಗೊನೆಲ್ ರೇಂಜ್ 7. ಈ ಒಂದು ಚೌಕದಿಂದಲೇ ಮ್ಯಾಂಗೊನೆಲ್‌ಗೆ ಹೆದರುವ ಸೇನೆ ಮ್ಯಾಂಗೊನೆಲ್ ಅನ್ನೇ ಬೇಟೆಯಾಡುವ ಸೇನೆ ಆಗುತ್ತದೆ. ಶೇಕಡಾ ಲೆಕ್ಕದಲ್ಲಿ ಇದು ಎಲ್ಲೂ ಕಾಣುವುದಿಲ್ಲ.

ಕಾಗದದ ಲೆಕ್ಕ ಆದ ಮೇಲೆ ಸಿನಾರಿಯೊ ಎಡಿಟರ್‌ನಲ್ಲಿ (ನಮಗೆ ಬೇಕಾದಂತೆ ನೆಲ, ಸೇನೆ ಇಡುವ ಗೇಮ್‌ನ ಸಾಧನ) ಕಾಳಗ ಬಿಟ್ಟು ನೋಡುತ್ತೇನೆ. ನೆಲ ಸಪಾಟಾಗಿರಬೇಕು. ಮೇಲಿನಿಂದ ಕೆಳಗೆ ಹೊಡೆದರೆ 25% ಹೆಚ್ಚು ಪೆಟ್ಟು, ಕೆಳಗಿನಿಂದ ಮೇಲೆ 25% ಕಡಿಮೆ, ಒಂದು ಸಣ್ಣ ದಿಬ್ಬವೂ ಪರೀಕ್ಷೆ ಕೆಡಿಸುತ್ತದೆ. ಎರಡು ಕಡೆ ಸಮ ಸಂಖ್ಯೆ ಇಡಬಾರದು, ಸಮ ಬೆಲೆ ಇಡಬೇಕು. 10 ನೈಟ್ ಅಂದರೆ 600 ಫುಡ್, 750 ಗೋಲ್ಡ್, ಒಟ್ಟು 1,350. ಕ್ರಾಸ್‌ಬೋ ಒಂದಕ್ಕೆ 70, ಅಷ್ಟಕ್ಕೆ 19 ಬರುತ್ತವೆ. ಕ್ರಾಸ್‌ಬೋ ಅಪ್‌ಗ್ರೇಡ್‌ನ 125 ಫುಡ್, 75 ಗೋಲ್ಡ್ ಕಳೆದರೆ 16. ಮೊದಲು ಎರಡೂ ಕಡೆ ಕೈ ಹಾಕದೆ ಬಿಡಿ, ಆಮೇಲೆ ಕ್ರಾಸ್‌ಬೋಗಳನ್ನು ಹಿಂದೆ ಎಳೆದು ಎಳೆದು ಹೊಡೆಸಿ. ತಲಾ ಐದು ಸಲ. ನಂತರ ಮೂರು ಪಟ್ಟು ಸೇನೆಯಲ್ಲಿ ಅದನ್ನೇ ಮಾಡಿ. ಸಂಖ್ಯೆ ಹೆಚ್ಚಿದಂತೆ ಬಿಲ್ಲಿನವರು ಎಲ್ಲರೂ ಒಟ್ಟಿಗೆ ಹೊಡೆಯಬಲ್ಲರು, ಕುದುರೆಗಳಿಗೆ ಮುಂದಿನ ಸಾಲಿಗಷ್ಟೇ ಜಾಗ, ಹಾಗಾಗಿ ಸಣ್ಣ ಕಾಳಗದ ಫಲಿತಾಂಶ ದೊಡ್ಡದರಲ್ಲಿ ನಿಲ್ಲುವುದಿಲ್ಲ. ಆರ್ಥಿಕತೆಯನ್ನು ಎಡಿಟರ್‌ನಲ್ಲಿ ಅಳೆಯುವವರು ಇನ್ನೊಂದು ಗಮನಿಸಬೇಕು. ಅಲ್ಲಿ ವಿಲೇಜರ್‌ಗಳನ್ನು ಇಡುವುದು ನಾವೇ. ಚೈನೀಸ್‌ಗೆ ಆರು, ಮಾಯನ್ಸ್‌ಗೆ ನಾಲ್ಕು ಅಂತ ಕೈಯಾರೆ ಇಡದಿದ್ದರೆ ಲೆಕ್ಕ ತಪ್ಪುತ್ತದೆ.

ಕೊನೆಗೆ ಮ್ಯಾಪ್. ಅರೇಬಿಯಾ ಮ್ಯಾಪ್‌ನಂಥ ಬಯಲಿನಲ್ಲಿ ಹತ್ತನೇ ನಿಮಿಷಕ್ಕೆ ಬರುವ ಬೋನಸ್‌ಗೆ ನಾನು ಎರಡು ಪಟ್ಟು ತೂಕ ಕೊಡುತ್ತೇನೆ. ಅರೀನಾದಲ್ಲಿ ಗೋಡೆ ಮೊದಲೇ ಇರುವುದರಿಂದ ಫ್ಯೂಡಲ್ ಬೋನಸ್‌ಗಳ ಬೆಲೆ ಇಳಿಯುತ್ತದೆ, ಟರ್ಕ್ಸ್ ಮೇಲೇರುತ್ತಾರೆ. ಕಲ್ಲಿನ ಗೋಡೆ ಕಟ್ಟಲಾರದ ಗಾತ್ಸ್‌ಗೂ ಅಲ್ಲಿ ಆ ಕೊರತೆ ಕಾಡುವುದಿಲ್ಲ. ಪರ್ಫ್ಯೂಷನ್ ಎಂಬ ಸುಧಾರಣೆ ಹಾಕಿ ಕಾಲಾಳು ತಯಾರಾಗುವ ಬ್ಯಾರಕ್ಸ್ ವೇಗ ಎರಡು ಪಟ್ಟಾಗುವವರೆಗೆ ಉಸಿರಾಡಲು ಸಮಯ ಸಿಗುತ್ತದೆ. ನನ್ನ ಪಟ್ಟಿಯಲ್ಲಿ ಪ್ರತಿ ಸಿವ್ ಎದುರು ಒಂದು ಸಾಲಿನಲ್ಲಿ ಮ್ಯಾಪ್, ನಿಮಿಷ, ಎಷ್ಟು ವಿಲೇಜರ್‌ಗೆ ಸಮ ಅನ್ನುವುದಿದೆ, ಕೆಳಗೆ ಇಲ್ಲದ ಟೆಕ್‌ಗಳು, ಪಕ್ಕದಲ್ಲಿ ಆ ಲೆಕ್ಕ ಗೇಮ್‌ನ ಯಾವ ಪ್ಯಾಚ್‌ನದು (ಅಪ್‌ಡೇಟ್) ಅಂತ ತಾರೀಖು. ಹೊಸ ಪ್ಯಾಚ್ ಬಂದ ದಿನ ಬದಲಾದ ಸಿವ್‌ಗಳ ಸಾಲು ಅಳಿಸಿ ಮತ್ತೆ ಬರೆಯುತ್ತೇನೆ.